ತೋಳಿನ ಗರಗಸದ ಮೇಸ್ತ್ರಿ

ಹಲಗೆ ಕೊಯ್ಯುವಾಗ ಮೇಸ್ತ್ರಿಯ ಎಡಗೈ ಯಾವಾಗಲೂ ಬೆನ್ನ ಹಿಂದಿರುತ್ತಿತ್ತು. ಸುಮ್ಮನೆ ಹಿಂದಕ್ಕೆ ಇಟ್ಟುಕೊಂಡದ್ದಲ್ಲ, ಸೊಂಟದ ಪಂಚೆಯ ಬಿಗಿಯೊಳಗೆ ಮಣಿಕಟ್ಟಿನ ತನಕ ತುರುಕಿಕೊಂಡದ್ದು. ಬಲಗೈಯೊಂದೇ ಗರಗಸದ ಹಿಡಿಯನ್ನು ಎಳೆಯುತ್ತಿತ್ತು. ಹಿಂದಿನಿಂದ ನೋಡಿದರೆ ಸಂಜೆ ಹೊತ್ತು ಕೆರೆ ಏರಿಯ ಮೇಲೆ ಗಾಳಿ ಸೇವನೆಗೆ ಹೊರಟ ಶಾನುಭೋಗರ ಹಾಗೆ ಕಾಣುತ್ತಿದ್ದರು. ನಾವು ನಗುತ್ತಿದ್ದೆವು. ಅವರು ಬೆನ್ನು ತಿರುಗಿಸದೆಯೇ ಹೇಳುತ್ತಿದ್ದರು: "ನಗ್ರಯ್ಯಾ, ನಗ್ರಿ. ಎಡಗೈ ಅನ್ನೋದು ಕಳ್ಳ. ಕೆಲಸ ಮಾಡೋದು ಬಲಗೈ, ಇದಕ್ಕೆ ಸುಮ್ಮನಿರಕ್ಕಾಗಲ್ಲ. ಎಲ್ಲಿ ಏನು ಸಿಗುತ್ತೆ ಅಂತ ಮುಂದಕ್ಕೆ ಹೋಗ್ತದೆ. ಕಳ್ಳನ್ನ ಕಟ್ಟಾಕ್ಬೇಕು."

ಯುದ್ಧದ ಕಾಲ. ದೊಡ್ಡಬಳ್ಳಾಪುರದ ರೈಲು ನಿಲ್ದಾಣಕ್ಕೆ ಅಷ್ಟು ದೂರವಲ್ಲದ ನಮ್ಮೂರಿನ ಹೊಲಗಳನ್ನು ದಂಡಿನವರಿಗೆಂದು ತೆಗೆದುಕೊಂಡಿದ್ದರು. ಯುದ್ಧ ಮುಗಿದ ಮೇಲೆ ವಾಪಸ್ಸು ಕೊಡುತ್ತೇವೆ, ಅಲ್ಲಿಯವರೆಗೆ ಮನೆಗೊಬ್ಬರಿಗೆ ಕೆಲಸ ಎಂದರು. ನನ್ನ ಹೊಲದ ಮೇಲೇ ತಗಡಿನ ದೊಡ್ಡ ಶೆಡ್ಡು ಎದ್ದಿತು. ದಂಡಿನ ಸಾಮಾನು ತುಂಬುವ ಮರದ ಪೆಟ್ಟಿಗೆಗಳನ್ನು ಮಾಡುವ ಕೆಲಸ. ಬೆಂಗಳೂರಿನ ಒಬ್ಬ ಕಂಟ್ರಾಕ್ಟುದಾರ ಅದನ್ನು ವಹಿಸಿಕೊಂಡಿದ್ದ. ಅವನ ಪರವಾಗಿ ಒಬ್ಬ ಮ್ಯಾನೇಜರು ಇದ್ದ.

ಒಮ್ಮೆ ಹೆಸರು ಬರೆಸಿದರೆ ಬಿಡುವ ಹಾಗಿರಲಿಲ್ಲ. ಯುದ್ಧಕಾಲದ ಕಾನೂನು. ಹತ್ತಿರದ ಮಧುರೆ ಕಡೆಯ ಒಬ್ಬ, ಒಕ್ಕಣೆ ಇದೆ ಅಂತ ಹೇಳದೆ ಊರಿಗೆ ಹೋಗಿದ್ದ. ಪೊಲೀಸಿನವನು ಅವನನ್ನು ತನ್ನ ಸೈಕಲ್ಲಿನ ಮುಂದೆ ನಡೆಸಿಕೊಂಡು ಬಂದು ಶೆಡ್ಡಿನ ಬಾಗಿಲಲ್ಲಿ ಬಿಟ್ಟುಹೋದ. ಅವನ ಅಂಗಿಯ ಮೇಲೆ ಇನ್ನೂ ರಾಗಿ ಹೊಟ್ಟು ಅಂಟಿಕೊಂಡಿತ್ತು. ಆಮೇಲೆ ಯಾರೂ ಹೋಗಲಿಲ್ಲ.

ಇಷ್ಟು ಸಾಲದು ಎಂಬಂತೆ ಮ್ಯಾನೇಜರು ಬೆಳಗ್ಗೆ ನಾವೆಲ್ಲ ಒಳಗೆ ಹೋದ ಮೇಲೆ ಹೊರಗಿನಿಂದ ಬೀಗ ಹಾಕುತ್ತಿದ್ದ. ಮೊಳೆ ಕದಿಯುತ್ತಾರೆ, ಹಲಗೆ ಸಾಗಿಸುತ್ತಾರೆ ಅಂತ. ಊಟದ ಹೊತ್ತಿಗೆ ತೆಗೆಯುತ್ತಿದ್ದ, ಮತ್ತೆ ಹಾಕುತ್ತಿದ್ದ. ತಗಡಿನ ಗೋಡೆ, ಎತ್ತರದಲ್ಲಿ ಕಂಬಿ ಹಾಕಿದ ಗವಾಕ್ಷಿ, ಮರದ ಹೊಟ್ಟನ್ನು ಹೊರಕ್ಕೆ ತಳ್ಳಲು ನೆಲದ ಹತ್ತಿರ ಒಂದು ಸಣ್ಣ ಕಿಂಡಿ. ಬೇಸಿಗೆಯಲ್ಲಿ ತಗಡು ಕಾದು ಬಾಣಲೆಯಾಗುತ್ತಿತ್ತು. ನನ್ನ ತಾತ ಬೇಸಾಯ ಮಾಡಿದ ಹೊಲ ಅದು. ನಾನು ಹುಟ್ಟಿದಾಗಿನಿಂದ ಅಲ್ಲಿ ನಾಲ್ಕೂ ಕಡೆ ಆಕಾಶವೇ ಇತ್ತು. ಈಗ ಅದೇ ನೆಲದ ಮೇಲೆ ನಿಂತು, ನೀರು ಕುಡಿಯಲು ಹೊರಗೆ ಹೋಗಬೇಕಾದರೆ ಬಾಗಿಲು ಬಡಿದು ಇನ್ನೊಬ್ಬನನ್ನು ಕೇಳಬೇಕಾಗಿತ್ತು.

ಮೊದಮೊದಲು ಹಲಗೆಗಳನ್ನು ಕೈಗರಗಸದಲ್ಲೇ ತುಂಡು ಮಾಡುತ್ತಿದ್ದೆವು. ಒಂದು ದಿನ ದಂಡಿನ ಲಾರಿಯಲ್ಲಿ ದೊಡ್ಡ ಮರದ ಪೆಟ್ಟಿಗೆ ಬಂತು. ಒಳಗೆ ಅಮೆರಿಕದ ಗರಗಸ. ನಾವು ನೋಡಿದ್ದ ಯಾವ ಗರಗಸದ ಹಾಗೂ ಇರಲಿಲ್ಲ. ಮೇಜಿನ ಹಿಂದೆ ಒಂದು ಕಬ್ಬಿಣದ ಕಂಬ, ಕಂಬದಿಂದ ಮೇಜಿನ ಮೇಲೆ ಚಾಚಿಕೊಂಡ ತೋಳು, ಆ ತೋಳಿಗೆ ಜೋತುಬಿದ್ದ ಮೋಟಾರು, ಮೋಟಾರಿನ ಮೂತಿಗೆ ದುಂಡನೆಯ ಗರಗಸದ ಚಕ್ರ. ಹಲಗೆ ಮೇಜಿನ ಮೇಲೆ ಕದಲದೆ ಇರುತ್ತದೆ. ಮೋಟಾರೂ ಚಕ್ರವೂ ಸೇರಿ ತೋಳಿನ ಮೇಲೆ ಜಾರುತ್ತಾ ಕೊಯ್ಯುವವನ ಕಡೆಗೇ ಬರುತ್ತವೆ. ಎಳೆದರೆ ಹಲಗೆ ಅಡ್ಡಕ್ಕೆ ತುಂಡಾಗುತ್ತದೆ, ಮತ್ತೆ ಹಿಂದಕ್ಕೆ ತಳ್ಳಬೇಕು. ಅದನ್ನು ಕೂರಿಸಲು ಸೂಲಿಬೆಲೆಯಿಂದ ಈ ಮೇಸ್ತ್ರಿಯನ್ನು ಕರೆಸಿದರು.

ಬಂದವರೇ ಮೂಗಿಗೆ ನಸ್ಯ ಏರಿಸಿ, ಶೆಡ್ಡನ್ನೆಲ್ಲ ಸುತ್ತಿ, ಹಿಮ್ಮಡಿಯಿಂದ ನೆಲ ಗುದ್ದಿ ಗುದ್ದಿ ನೋಡಿದರು. ಒಂದು ಕಡೆ ನಿಂತು, "ಇಲ್ಲಿ" ಎಂದರು.

"ಅದು ನಮ್ಮ ಕಣ ಮೇಸ್ತ್ರಿ," ಎಂದೆ. "ಪ್ರತಿ ವರ್ಷ ಸಗಣಿ ಸಾರಿಸಿ, ಗುಂಡುಕಲ್ಲು ಉರುಳಿಸಿ ರಾಗಿ ಒಕ್ಕಣೆ ಮಾಡ್ತಿದ್ದ ಜಾಗ. ನಮ್ಮಪ್ಪ ಚಪ್ಪಲಿ ಬಿಟ್ಟು ಕಾಲಿಡ್ತಿದ್ದ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕನಿಕರದ ಒಂದು ಮಾತು ಹೇಳುತ್ತಾರೆಂದುಕೊಂಡೆ.

"ಅದ್ಕೇ ನೆಲ ಗಟ್ಟಿ ಐತೆ," ಎಂದರು. "ಮೆಷೀನು ಅಲ್ಲಾಡಲ್ಲ. ತನ್ನಿ ಇಲ್ಲಿಗೆ."

ಆ ದಿನದಿಂದ ಬಹಳ ಕಾಲ ಅವರನ್ನು ಕಂಡರೆ ನನಗಾಗುತ್ತಿರಲಿಲ್ಲ. ಅವರು ಸುಲಭದ ಮನುಷ್ಯರೂ ಅಲ್ಲ. ಬಾಯಿ ಬಲು ಕೆಟ್ಟದ್ದು. ಮೀಸೆಯ ಮೇಲೆ ವಿಪರೀತ ಅಭಿಮಾನ, ಗರಗಸದ ಚಕ್ರದ ಹೊಳಪಿನಲ್ಲಿ ನೋಡಿ ತಿದ್ದಿಕೊಳ್ಳುತ್ತಿದ್ದರು. ಯಾರಿಗೂ ಚಿಟಿಕೆ ನಸ್ಯ ಕೊಡುತ್ತಿರಲಿಲ್ಲ, ಬೇರೆಯವರ ಡಬ್ಬಿಗೆ ಮಾತ್ರ ಸಲೀಸಾಗಿ ಕೈ ಹಾಕುತ್ತಿದ್ದರು. ನನ್ನನ್ನು "ಕಣದ ಯಜಮಾನ್ರು" ಅಂತ ಕರೆದು ಎಲ್ಲರನ್ನೂ ನಗಿಸುತ್ತಿದ್ದರು.

ಗರಗಸವನ್ನು ಕೂರಿಸಲು ಅವರು ತೆಗೆದುಕೊಂಡ ಕಾಲ ನೋಡಿ ಮ್ಯಾನೇಜರಿಗೆ ಸಿಟ್ಟು ನೆತ್ತಿಗೇರಿತ್ತು. ಮೇಜನ್ನು ಮಟ್ಟ ಮಾಡಿದರು. ಆಮೇಲೆ ಚಕ್ರವನ್ನು ಹಿಂದಕ್ಕೆ ತಳ್ಳಿ, ಕೈ ಬಿಟ್ಟು, ಕುಕ್ಕರುಗಾಲಲ್ಲಿ ಕೂತು ನೋಡಿದರು. ಅದು ತಾನೇ ತಾನಾಗಿ ಒಂದು ಬೆರಳಷ್ಟು ಮುಂದಕ್ಕೆ ಜಾರಿತು. "ನೋಡಿದ್ರಾ? ಕರೀದೆ ಬರೋ ನೆಂಟ. ಇವನ್ನ ನಂಬ್ಕೊಂಡು ಹಲಗೆ ಇಡಕ್ಕೋದ್ರೆ ಮುಗೀತು," ಎಂದು ಮೇಜಿನ ಮುಂದಿನ ಕಾಲುಗಳ ಕೆಳಗೆ ತೆಳ್ಳನೆಯ ಚಕ್ಕೆಗಳನ್ನು ಕೊಟ್ಟರು. ತೋಳು ಕಣ್ಣಿಗೆ ಕಾಣದಷ್ಟು ಹಿಂದಕ್ಕೆ ವಾಲಿತು. ಈಗ ಕೈ ಬಿಟ್ಟರೆ ಗರಗಸ ಹಿಂದಕ್ಕೇ ಹೋಗಿ ಕಂಬದ ಬುಡ ಸೇರುತ್ತಿತ್ತು. ಅದಕ್ಕೆ ಅವರು ಇಟ್ಟ ಹೆಸರು ಮನೆ. "ಗರಗಸ ಮನೆ ಸೇರೋ ತನಕ ಹಲಗೆ ನಿಂದಲ್ಲ" ಎಂಬುದು ಅವರ ಬಾಯಲ್ಲಿ ದಿನಕ್ಕೆ ನೂರು ಸಲ ಬರುತ್ತಿದ್ದ ಮಾತು. ಕೊಯ್ದ ತುಂಡು ಎಷ್ಟೇ ಹತ್ತಿರವಿರಲಿ, ಚಕ್ರ ಮನೆ ಸೇರುವ ಮೊದಲು ಅದರ ಕಡೆ ಕೈ ಚಾಚಿದವನಿಗೆ ತಲೆಯ ಮೇಲೆ ಮೊಟಕುತ್ತಿದ್ದರು.

ಮೇಜಿನ ಹಿಂಬದಿಗೆ ಉದ್ದಕ್ಕೆ ಒಂದು ಪಟ್ಟಿ ಹೊಡೆದರು. ಹಲಗೆ ಅದಕ್ಕೆ ಒರಗಿ ನಿಲ್ಲಬೇಕು. ಮೂಲೆಯಲ್ಲಿ ಚಿಟಿಕೆ ಹೊಟ್ಟು ಇದ್ದರೂ ಹಲಗೆ ಸೊಟ್ಟಗೆ ಕೂರುತ್ತದೆಂದು ಪ್ರತಿ ಸಲವೂ ಈಚಲು ಬರಲಿನಿಂದ ಗುಡಿಸುತ್ತಿದ್ದರು. ತೋಳು ಪಟ್ಟಿಗೆ ನೇರ ಇದೆಯೋ ಇಲ್ಲವೋ ನೋಡಲು ಅಗಲವಾದ ಒಂದು ಹಲಗೆ ಕೊಯ್ದು, ಒಂದು ಅರ್ಧವನ್ನು ಮಗುಚಿ, ಎರಡನ್ನೂ ಕೊಯ್ದ ಕಡೆಯಿಂದ ಕೂಡಿಸಿ ಗವಾಕ್ಷಿಯ ಕಡೆ ಎತ್ತಿ ಹಿಡಿದರು. ನಡುವೆ ಕೂದಲೆಳೆಯಷ್ಟು ಬೆಳಕು ಕಂಡಿತು. ಬಿಚ್ಚಿದರು, ತಿದ್ದಿದರು, ಮತ್ತೆ ಕೊಯ್ದರು. ಬೆಳಕು ಪೂರ್ತಿ ಹೋಗುವ ತನಕ ಬಿಡಲಿಲ್ಲ. ಚಕ್ರದ ಮೇಲಿನ ಕಬ್ಬಿಣದ ಮುಸುಕು ಬಿಗಿ ಮಾಡಿದರು. ಹಲಗೆಯನ್ನು ಅದುಮಿ ಹಿಡಿಯಲು ತಿರುಪಿನ ಹಿಡಿಕೆಯೊಂದನ್ನು ತಾವೇ ಮಾಡಿ ಕೂರಿಸಿದರು. ಹಿಡಿಕೆ ಇದ್ದದ್ದರಿಂದಲೇ ಎಡಗೈಗೆ ಕೆಲಸವಿಲ್ಲದೆ ಪಂಚೆಯೊಳಗೆ ಜಾಗ ಸಿಕ್ಕಿದ್ದು.

ಎಲ್ಲಾ ಆಯಿತು, ಸ್ವಿಚ್ಚೊಂದು ಬಿಟ್ಟು. ಗರಗಸದ ತೋಳಿನಲ್ಲಿದ್ದ ಸ್ವಿಚ್ಚು ಹಡಗಿನಲ್ಲೇ ಒಡೆದು ಬಂದಿತ್ತು. ಮ್ಯಾನೇಜರು ಶೆಡ್ಡಿಗೆ ಹೊರಗಿನಿಂದ ಅಂಟಿಕೊಂಡಿದ್ದ ತನ್ನ ಕೋಣೆಯ ಗೋಡೆಯಿಂದ ಕಬ್ಬಿಣದ ಕೊಳವೆಯೊಳಗೆ ನೇರವಾಗಿ ತಂತಿ ಎಳೆಸಿದ. ಅಲ್ಲಿಂದಲೇ ಹಾಕುವುದು, ಅಲ್ಲಿಂದಲೇ ತೆಗೆಯುವುದು. ಕೆಲಸಗಾರರ ಕೈಗೆ ಸಿಕ್ಕರೆ ಗಳಿಗೆಗೊಮ್ಮೆ ನಿಲ್ಲಿಸಿ ಬೀಡಿ ಸೇದುತ್ತಾರೆ ಎಂಬುದು ಅವನ ಎಣಿಕೆ. ಮೋಟಾರಿಗೆ ಭಾರ ಬಿದ್ದಾಗಲೆಲ್ಲ ಫ್ಯೂಸು ಹೋಗುತ್ತಿತ್ತೆಂದು ಅದರ ಜಾಗದಲ್ಲಿ ದಪ್ಪ ತಂತಿ ಸುತ್ತಿಸಿಬಿಟ್ಟಿದ್ದ.

ಮೇಸ್ತ್ರಿ ಅವನ ಕೋಣೆಗೆ ಹೋಗಿ ಜಗಳ ತೆಗೆದದ್ದು ನಮಗೆಲ್ಲ ಕೇಳಿಸಿತು. "ಸ್ವಾಮಿ, ಎತ್ತಿನ ಮೂಗುದಾರ ಗಾಡಿ ಮೇಲೆ ಕೂತೋನ ಕೈಲಿರ್ಬೇಕೋ, ಊರ ಗೌಡನ ಮನೆ ಗೂಟದಾಗಿರ್ಬೇಕೋ?"

"ಹೊಸ ಸ್ವಿಚ್ಚು ಬೆಂಗಳೂರಿನಿಂದ ಬರುತ್ತೆ. ಬಂದ ಮೇಲೆ ಹಾಕೋಣ. ನೀನು ಕೆಲಸ ನೋಡು."

ಅದು ಬರಲಿಲ್ಲ.

ಹಲಗೆ ತುಂಡು ಮಾಡುವ ಕೆಲಸಕ್ಕೆ ಮೇಸ್ತ್ರಿ ನನ್ನನ್ನೇ ಆರಿಸಿಕೊಂಡರು. ಯಾಕೆಂದು ಕೇಳಿದೆ. "ನಿಂಗೆ ನನ್ಮೇಲೆ ಕೋಪ ಐತಲ್ಲ, ಒಳ್ಳೇದು. ಕೋಪ ಇರೋನಿಗೆ ನಿದ್ದೆ ಬರಲ್ಲ," ಎಂದರು. ಬೆಳಗಿನಿಂದ ಸಂಜೆಯ ತನಕ ನನ್ನ ಹಿಂದೆ ನಿಂತು ಬೈದರು. ಕಾಲು ಎಲ್ಲಿಡಬೇಕು, ಮೈ ಎಷ್ಟು ಪಕ್ಕಕ್ಕಿರಬೇಕು, ಗರಗಸ ತಾನಾಗಿ ಹಲಗೆ ಹತ್ತಿ ಮೇಲೆ ಬರಲು ನೋಡಿದಾಗ ಬಲಗೈಯನ್ನು ಹೇಗೆ ಕೋಲಿನ ಹಾಗೆ ಸೆಟೆಸಿ ತಡೆಯಬೇಕು, ಎಲ್ಲವನ್ನೂ ಬೈಗುಳದಲ್ಲೇ ಕಲಿಸಿದರು. ನನ್ನ ಹೆಂಡತಿ ಆಗ ತುಂಬಿದ ಬಸುರಿ. ಅದು ಅವರಿಗೆ ಗೊತ್ತಿತ್ತೋ ಇಲ್ಲವೋ, ಎಂದೂ ಕೇಳಲಿಲ್ಲ.

ಮಳೆಗಾಲ ಹಿಡಿಯಿತು. ಒಣಗಿದ ಮರ ಮುಗಿದುಹೋಯಿತು. ಮ್ಯಾನೇಜರು ಆಗತಾನೆ ಕಡಿದ ಹಸಿ ನೀಲಗಿರಿಯ ಹಲಗೆ ತರಿಸಿದ. ಮೇಸ್ತ್ರಿ ಒಂದು ಹಲಗೆಯನ್ನು ಎತ್ತಿ ಕಣ್ಣಿನ ನೇರಕ್ಕೆ ಹಿಡಿದು, "ಹಾವಿನಂಗೆ ತಿರುಚ್ಕೊಂಡೈತೆ. ಕೊಯ್ತಾ ಕೊಯ್ತಾ ಬಾಯಿ ಮುಚ್ಕೊಂಡು ಚಕ್ರನ ಕಚ್ಕೊಳ್ತದೆ. ಇದನ್ನ ಕೊಯ್ಯಬಾರ್ದು," ಎಂದರು. ವ್ಯಾಗನ್ನು ಬಂದು ನಿಂತಿದೆ, ಪೆಟ್ಟಿಗೆ ಹೋಗದಿದ್ದರೆ ನೀನೇ ದಂಡಿನವರಿಗೆ ಉತ್ತರ ಹೇಳು ಎಂದು ಮ್ಯಾನೇಜರು ಕರೆಂಟು ಹಾಕಿ, ತನ್ನ ಕೋಣೆಗೂ ಶೆಡ್ಡಿಗೂ ಬೀಗ ಜಡಿದು, ವ್ಯಾಗನ್ನು ನೋಡಿ ಬರಲು ನಿಲ್ದಾಣಕ್ಕೆ ಹೊರಟುಹೋದ.

ಮೊದಲ ಕೆಲವು ಹಲಗೆ ಹೇಗೋ ಕೊಯ್ದೆ. ಆಮೇಲೆ ಬಂದ ಒಂದು ಹಲಗೆ ಅರ್ಧ ಕೊಯ್ಯುತ್ತಿದ್ದಂತೆ ಒಮ್ಮೆಗೇ ಸೆಟೆದು ಎದ್ದಿತು. ಅದುಮಿದ್ದ ತಿರುಪಿನ ಹಿಡಿಕೆ ಕಿತ್ತುಕೊಂಡು ಹಾರಿತು. ನಾನು ಯೋಚನೆ ಮಾಡಲಿಲ್ಲ, ಕೈ ಮಾಡಿತು. ಎಡಗೈ ಹಲಗೆಯನ್ನು ಅದುಮಲು ಹೋಯಿತು. ಹಲಗೆ ತಿರುಚಿಕೊಂಡು ಹಿಂದಕ್ಕೆ ಬಡಿದು, ನನ್ನ ಬೆರಳುಗಳು ಹಲಗೆಗೂ ಹಿಂದಿನ ಪಟ್ಟಿಗೂ ನಡುವೆ ಸಿಕ್ಕಿಕೊಂಡವು. ಅದೇ ಗಳಿಗೆಯಲ್ಲಿ ಮರ ಚಕ್ರವನ್ನು ಕಚ್ಚಿತು. ಚಕ್ರ ನಿಂತುಬಿಟ್ಟಿತು.

ನಿಂತಿತು ಅಷ್ಟೇ, ಸಾಯಲಿಲ್ಲ. ಮೋಟಾರಿಗೆ ಕರೆಂಟು ಹರಿಯುತ್ತಲೇ ಇತ್ತು. ಅದು ಹೊಟ್ಟೆಯೊಳಗಿಂದ ಗುಂಯ್ ಎಂದು ಹೂಂಕರಿಸುತ್ತಾ ನಡುಗುತ್ತಿತ್ತು. ನನ್ನ ಮುಂಗೈ ಗರಗಸದ ದಾರಿಗೆ ಅಡ್ಡವಾಗಿ ಹಲಗೆಯ ಮೇಲೆ ಚಾಚಿತ್ತು. ಹಲ್ಲುಗಳು ಎರಡು ಬೆರಳು ದೂರದಲ್ಲಿದ್ದವು. ಬೆರಳು ಬಿಡಿಸಿಕೊಳ್ಳಲು ಹಲಗೆ ಎಳೆದರೆ ಮರದ ಕಚ್ಚು ಸಡಿಲವಾಗುತ್ತದೆ, ಸಡಿಲವಾದರೆ ಚಕ್ರ ತಿರುಗಿ ನನ್ನ ಮುಂಗೈ ಹತ್ತುತ್ತದೆ. ಫ್ಯೂಸು ಹೋಗಿದ್ದರೆ ಎಲ್ಲ ಅಲ್ಲಿಗೇ ನಿಲ್ಲುತ್ತಿತ್ತು. ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ. ಸ್ವಿಚ್ಚು ಬೀಗ ಹಾಕಿದ ಕೋಣೆಯಲ್ಲಿ. ನಾವು ಬೀಗ ಹಾಕಿದ ಶೆಡ್ಡಿನಲ್ಲಿ.

ನಾನು ಕಿರುಚಿದೆ ಅಂತ ಕಾಣುತ್ತದೆ. ಯಾರೋ ಓಡಿಬಂದು ಹಲಗೆಗೆ ಕೈ ಹಾಕಿದರು.

"ಮುಟ್ಬೇಡ್ರೋ!"

ಮೇಸ್ತ್ರಿ ಶೆಡ್ಡಿನ ಆ ಕೊನೆಯಲ್ಲಿದ್ದವರು ಬಂದು ನನ್ನ ಬೆನ್ನಿಗೆ ಎದೆ ಆನಿಸಿ ನಿಂತರು. ನನ್ನ ಎರಡೂ ಭುಜಗಳ ಮೇಲಿಂದ ಅವರ ಕೈಗಳು ಮುಂದಕ್ಕೆ ಹೋದವು. ಎರಡು ಅಂಗೈಗಳನ್ನೂ ಮೋಟಾರಿನ ಮೈಗೆ ಒತ್ತಿ, ಪೂರ್ತಿ ಭಾರ ಬಿಟ್ಟು, ಗರಗಸವನ್ನು ಮನೆಯ ಕಡೆಗೆ ತಳ್ಳಿ ಹಿಡಿದರು. ಅದು ಹಿಂದಕ್ಕೆ ಹೋಗಲಿಲ್ಲ, ಮರ ಬಿಡಲಿಲ್ಲ. ಆದರೆ ಮುಂದಕ್ಕೂ ಬರುವ ಹಾಗಿರಲಿಲ್ಲ.

"ಅಳು," ಎಂದರು ನನ್ನ ಕಿವಿಯ ಹತ್ತಿರ. "ಅಳ್ಬೇಕು ಅನ್ಸಿದ್ರೆ ಅಳು. ಅಲ್ಲಾಡ್ಬೇಡ."

ಆಮೇಲೆ ಗಟ್ಟಿಯಾಗಿ ಕೂಗಿದರು, "ಕಿಂಡಿ ಹತ್ರ ಹೋಗ್ರೋ! ಹೊಟ್ಟಿನಮ್ಮ ಬಂದಿರ್ತಾಳೆ, ನೋಡ್ರಿ!"

ಆ ಹೊತ್ತಿಗೆ ಒಲೆಗೆಂದು ಮರದ ಹೊಟ್ಟು ತುಂಬಿಕೊಂಡು ಹೋಗಲು ನಮ್ಮೂರಿನ ಒಬ್ಬ ಹೆಂಗಸು ಮಂಕರಿ ಹಿಡಿದು ಕಿಂಡಿಯ ಹೊರಗೆ ಬರುವುದಿತ್ತು. ಅವಳನ್ನು ಹೊಟ್ಟಿನಮ್ಮ ಅಂತಲೇ ಕರೆಯುತ್ತಿದ್ದೆವು. ಬಂದಿದ್ದಳು. ಕಿಂಡಿಗೆ ಬಗ್ಗಿ, "ಏನ್ರಣ್ಣ ಅದು ಕೂಗು?" ಎಂದಳು.

"ಮ್ಯಾನೇಜರ್ ಕೋಣೆ ಕಿಟಕಿ ಒಡಿ ತಾಯಿ," ಮೇಸ್ತ್ರಿ ಕೂಗಿದರು. "ಕಲ್ಲು ತಗೊಂಡು ಒಡಿ. ಒಳಗೋಗು. ಗೋಡೆ ಮೇಲೆ ಕಬ್ಬಿಣದ ಪೆಟ್ಟಿಗೆ ಐತೆ, ಅದ್ರ ಪಕ್ಕದಾಗೆ ಮರದ ಹಿಡಿ. ಕೆಳಕ್ಕೆ ಎಳಿ."

"ಅಯ್ಯೋ, ನಂಗೆ ಕರೆಂಟು ಅಂದ್ರೆ ಭಯ ಕಣಣ್ಣ!"

"ನಂಗೂ ಭಯವೇ. ಒಣಗಿರೋ ಸೆರಗು ಕೈಗೆ ಸುತ್ಕೊ. ಮರದ ಹಿಡಿ ಬಿಟ್ಟು ಬೇರೇನೂ ಮುಟ್ಬೇಡ. ಹೋಗವ್ವ."

ಅವಳ ಕಾಲಿನ ಸಪ್ಪಳ ದೂರವಾಯಿತು. ನನ್ನ ಮುಖದ ಮುಂದೆ ಆ ಎರಡು ಕೈಗಳು. ಮೋಟಾರು ಕಾದು ಬಿಸಿಯೇರುತ್ತಿತ್ತು. ಅರಗು ಸುಟ್ಟ ಹಾಗೆ ವಾಸನೆ ಬಂತು, ಸಣ್ಣಗೆ ಹೊಗೆ ಎದ್ದಿತು. ಒಬ್ಬ ಗೋಣಿಚೀಲ ತಂದು ಅವರ ಅಂಗೈ ಕೆಳಗೆ ತುರುಕಲು ನೋಡಿದ. "ಬ್ಯಾಡ. ಕೈ ಒಸಿ ಸಡಿಲ ಆದ್ರೂ ಹಾರ್ತದೆ," ಎಂದರು.

ಆಮೇಲೆ ನನಗೆ ಕೇಳಿದರು, "ನಿಮ್ಮನೇಲಿ ಹುರುಳಿ ಉಪ್ಸಾರು ಮಾಡ್ತಾರೇನೋ?"

ನಾನು ಗರಗಸದ ಹಲ್ಲುಗಳನ್ನೇ ನೋಡುತ್ತಿದ್ದೆ.

"ಕೇಳಿದ್ದು ಹೇಳೋ. ಮಾಡ್ತಾರಾ ಇಲ್ವಾ?"

"ಮಾ... ಮಾಡ್ತಾರೆ."

"ಖಾರಕ್ಕೆ ಹಸಿಮೆಣಸಿನಕಾಯೋ, ಒಣಗಿದ್ದೋ?"

"ಒಣಗಿದ್ದು."

"ತಪ್ಪು. ಹಸೀದು ಕೆಂಡದ ಮೇಲೆ ಸುಟ್ಟು ಹಾಕ್ಬೇಕು. ಬೆಳ್ಳುಳ್ಳಿ ಜೊತೆಗೆ ಅರೀಬೇಕು. ನಿಮ್ಮೂರೋರಿಗೆ ತಿನ್ನೋಕೂ ಬರಲ್ಲ."

ಅವರ ಗದ್ದದಿಂದ ಬೆವರು ನನ್ನ ಕುತ್ತಿಗೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಆದರೂ ಮಾತು ನಿಲ್ಲಿಸಲಿಲ್ಲ. ಚಿಕ್ಕಂದಿನಲ್ಲಿ ಅಣ್ಣನ ಜೊತೆ ಗುಂಡಿ ತೋಡಿ ದಿಮ್ಮಿ ಸೀಳುತ್ತಿದ್ದ ಕಥೆ ಹೇಳಿದರು. ದಿಮ್ಮಿಯ ಮೇಲೆ ಅಣ್ಣ, ಗುಂಡಿಯೊಳಗೆ ಇವರು, ನಡುವೆ ಉದ್ದ ಗರಗಸ. "ಗುಂಡಿಲಿರೋನಿಗೆ ಮೇಲಿನೋನ ಮುಖ ಕಾಣಲ್ಲ. ಕಣ್ಣೆತ್ತಿದ್ರೆ ಹೊಟ್ಟು ಬೀಳ್ತದೆ. ಮಣ್ಣು ಕುಸೀತದೋ ಏನೋ ಅಂತ ಜೀವ ಹೋಗೋ ಹಂಗೆ ಆಗ್ತಿತ್ತು. ಅದ್ಕೆ ನಮ್ಮಣ್ಣ ಮೇಲಿಂದ ಮಾತಾಡ್ತಾನೇ ಇರ್ತಿದ್ದ. ಅದೂ ಇದೂ. ಬರೀ ಸುಳ್ಳು. ಮಾತು ಕೇಳಿಸ್ತಾ ಇದ್ರೆ ಮೇಲೊಬ್ಬ ಅವ್ನೆ ಅಂತ ಧೈರ್ಯ." ಮತ್ತೆ ಒಮ್ಮೆಗೇ, "ನಿನ್ನ ಹೆಂಡ್ರಿಗೆ ಯಾವ ತಿಂಗಳೋ?" ಎಂದರು.

"ಮುಂದಿನ ತಿಂಗಳು ಹೆರಿಗೆ," ಎಂದೆ. ಅಲ್ಲಿಯವರೆಗೂ ಅಳು ಬಂದಿರಲಿಲ್ಲ, ಆಗ ಬಂತು.

ಹೊರಗೆ ಗಾಜು ಒಡೆದ ಸದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ಅವಳು ಒಳಗೆ ಹೋದಳೋ, ಹೆದರಿ ಓಡಿದಳೋ ತಿಳಿಯದು. ಮೇಸ್ತ್ರಿಯ ಬಾಯಿಂದ ಈಗ ಮಾತು ಬರುತ್ತಿರಲಿಲ್ಲ. ಹಲ್ಲು ಕಚ್ಚಿ ಬಿಡುವ ಉಸಿರು ಮಾತ್ರ ಕೇಳುತ್ತಿತ್ತು. ಮಾಂಸ ಸುಟ್ಟ ವಾಸನೆ ನನಗೆ ಬಂತು. ಅದು ಮೋಟಾರಿನದಲ್ಲ ಎಂದು ಗೊತ್ತಾಯಿತು.

ಹೂಂಕಾರ ನಿಂತಿತು.

ಜೊತೆಯವರು ಸನಿಕೆ ಹಾಕಿ ಹಲಗೆ ಮೀಟಿ ನನ್ನ ಬೆರಳು ಬಿಡಿಸಿದರು. ಜಜ್ಜಿಹೋಗಿದ್ದವು, ಆದರೆ ಎಲ್ಲವೂ ಇದ್ದವು. ಮೇಸ್ತ್ರಿಯ ಕೈಗಳನ್ನು ಮೋಟಾರಿನಿಂದ ಬಿಡಿಸುವುದು ಕಷ್ಟವಾಯಿತು. ಚರ್ಮ ಅಲ್ಲೇ ಉಳಿಯಿತು. ಅವರು ನೆಲದ ಮೇಲೆ ಕೂತು ಎರಡು ಕೈಗಳನ್ನೂ ಮೊಣಕಾಲ ಮೇಲೆ ಮಗುಚಿಟ್ಟುಕೊಂಡರು. ಕಿಂಡಿಯ ಹತ್ತಿರ ಹೊಟ್ಟಿನಮ್ಮ ಮತ್ತೆ ಬಗ್ಗಿ, "ನಿಂತೋಯ್ತೇನಣ್ಣ?" ಎಂದು ಕೇಳಿದಳು. ಮೇಸ್ತ್ರಿಯೇ ಹೇಳಿದರು, "ನಿಂತೋಯ್ತು ತಾಯಿ. ಹೊಟ್ಟು ಒಂದು ಮಂಕರಿ ಜಾಸ್ತಿ ತಗೊಂಡೋಗು."

ಮಧ್ಯಾಹ್ನ ಮ್ಯಾನೇಜರು ಬಂದು ಬಾಗಿಲು ತೆಗೆದ ಮೇಲೆಯೇ ನಮ್ಮಿಬ್ಬರನ್ನೂ ಗಾಡಿಯಲ್ಲಿ ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಕರೆದೊಯ್ದದ್ದು. ಅವನು ಮೊದಲು ಕೇಳಿದ್ದು ಕಿಟಕಿ ಒಡೆದವರು ಯಾರು ಎಂದು.

ಮಾರನೆಯ ದಿನ ಕೈಗೆ ಬಟ್ಟೆ ಕಟ್ಟಿಕೊಂಡು ನಾನು ಶೆಡ್ಡಿಗೆ ಹೋದೆ. ಹೋಗದಿದ್ದರೆ ಪೊಲೀಸಿನವನು ಬರುತ್ತಿದ್ದ. ಮೇಸ್ತ್ರಿ ಆಗಲೇ ಬಂದು, ಎರಡೂ ಕೈಗಳಿಗೆ ದಪ್ಪ ಕಟ್ಟು ಹಾಕಿಸಿಕೊಂಡು, ಗರಗಸದ ಮುಂದೆ ಒಂದು ಪೆಟ್ಟಿಗೆ ಬೋರಲು ಹಾಕಿ ಕೂತಿದ್ದರು. ಸ್ವಿಚ್ಚು ತೋಳಿಗೆ ಬರಬೇಕು, ಸರಿಯಾದ ಫ್ಯೂಸು ಬರಬೇಕು, ಬಾಗಿಲಿಗೆ ಬೀಗ ಹಾಕಬಾರದು. ಅಲ್ಲಿಯ ತನಕ ಏಳುವುದಿಲ್ಲ ಎಂದರು.

ಮ್ಯಾನೇಜರು ಕಾನೂನು ಹೇಳಿದ. "ಯುದ್ಧದ ಕೆಲಸ ನಿಲ್ಲಿಸಿದರೆ ಜೈಲು. ಗೊತ್ತೇನಯ್ಯಾ?"

"ಗೊತ್ತು ಸ್ವಾಮಿ. ಜೈಲಲ್ಲಾದ್ರೆ ಬೀಗ ಹಾಕಿದೋನು ಬೀಗದ ಕೈ ಇಟ್ಕೊಂಡು ಬಾಗಿಲಲ್ಲೇ ನಿಂತಿರ್ತಾನೆ. ನೀವು ಬೀಗ ಹಾಕಿ ಸ್ಟೇಷನ್‌ಗೆ ಹೋಗ್ತೀರ."

ಪೊಲೀಸಿನವರು ಬಂದರು. ಕೈಗೆ ಕೋಳ ಹಾಕುವ ಹಾಗಿರಲಿಲ್ಲ, ಕಟ್ಟು ಅಷ್ಟು ದಪ್ಪ. ರೆಟ್ಟೆ ಹಿಡಿದು ಕರೆದುಕೊಂಡು ಹೋದರು. ಹೋಗುವಾಗ ನಮ್ಮ ಯಾರ ಮುಖವನ್ನೂ ಅವರು ನೋಡಲಿಲ್ಲ. ನಮಗೆ ನಾಚಿಕೆಯಾಗದಿರಲಿ ಅಂತಲೇ ನೋಡಲಿಲ್ಲವೇನೋ.

ಮ್ಯಾನೇಜರು ತಿರುಗಿ, ಇನ್ನೊಬ್ಬನನ್ನು ಗರಗಸಕ್ಕೆ ಕರೆದ. ಅವನು ತಲೆ ಕೆರೆದುಕೊಂಡು, "ನಂಗೆ ಬರಲ್ಲ ಸ್ವಾಮಿ," ಎಂದ. ಮುಂದಿನವನನ್ನು ಕರೆದ. "ನಂಗೂ ಬರಲ್ಲ." ಒಬ್ಬೊಬ್ಬರಾಗಿ ಶೆಡ್ಡಿನಲ್ಲಿದ್ದವರೆಲ್ಲ ಅದನ್ನೇ ಹೇಳಿದರು. ಮಧುರೆಯವನಂತೂ ಆ ಮೆಷೀನನ್ನು ಇವತ್ತೇ ಮೊದಲು ನೋಡುತ್ತಿರುವವನ ಹಾಗೆ ಸುತ್ತ ತಿರುಗಿ ನೋಡಿದ. ನನ್ನ ಸರದಿ ಬಂದಾಗ ಕಟ್ಟು ಹಾಕಿದ ಕೈ ಎತ್ತಿ ತೋರಿಸಿ, "ಕಲ್ತಿದ್ದೆ, ಮರೆತೋಯ್ತು," ಎಂದೆ. ಎಲ್ಲರೂ ಕೈಗರಗಸ ಹಿಡಿದು ಕೂತೆವು. ಬರಲ್ಲ ಅನ್ನುವವನನ್ನು ಜೈಲಿಗೆ ಹಾಕುವ ಕಾನೂನು ಇರಲಿಲ್ಲ.

ಪೆಟ್ಟಿಗೆಗಳು ತಡವಾದವು. ದಂಡಿನ ಅಧಿಕಾರಿಯೊಬ್ಬ ವಿಚಾರಿಸಲು ಬಂದ. ಮ್ಯಾನೇಜರು ಇಂಗ್ಲಿಷಿನಲ್ಲಿ ಏನೇನೋ ಹೇಳುತ್ತಿದ್ದ. ಆ ಬಿಳಿಯ ಅವನ ಮಾತು ಕೇಳುತ್ತಾ ಗರಗಸದ ಸುತ್ತ ಕೈಯಾಡಿಸಿ ಏನನ್ನೋ ಹುಡುಕಿದ. ತಂತಿಯ ಜಾಡು ಹಿಡಿದು ಕೋಣೆಯ ತನಕ ನಡೆದು, ವಾಪಸ್ಸು ಬಂದು, ಕೆಂಪಗಾಗಿ ಒಂದೆರಡು ಮಾತು ಆಡಿದ. ನಮಗೆ ಅರ್ಥವಾಗಲಿಲ್ಲ, ಮ್ಯಾನೇಜರಿಗೆ ಚೆನ್ನಾಗಿ ಆಯಿತು. ವಾರದೊಳಗೆ ಬೆಂಗಳೂರಿನಿಂದ ಸ್ವಿಚ್ಚೂ ಬಂತು, ಫ್ಯೂಸೂ ಬಂತು. ಬೀಗ ಮಾತ್ರ ಹೋಗಲಿಲ್ಲ. ಬೀಗದ ಕೈ ಹಿಡಿದುಕೊಂಡು ಬಾಗಿಲ ಹೊರಗೆ ಒಬ್ಬ ಕಾವಲಿನವನು ದಿನವಿಡೀ ಕೂರುವ ಹಾಗಾಯಿತು. ಸಿಕ್ಕಿದ್ದು ಅಷ್ಟೇ.

ಮೇಸ್ತ್ರಿಯನ್ನು ಬಿಟ್ಟದ್ದು ಮಳೆ ನಿಂತ ಮೇಲೆ. ಮೀಸೆ ನೆರೆತು ಜೋತುಬಿದ್ದಿತ್ತು. ಮನೆಗೂ ಹೋಗದೆ ನೇರ ಶೆಡ್ಡಿಗೆ ಬಂದು ಗರಗಸದ ಮುಂದೆ ನಿಂತು ಹೊಸ ಸ್ವಿಚ್ಚನ್ನು ನೋಡಿದರು. ಮೊಣಕೈಯಿಂದ ಒತ್ತಿ ಹಾಕಿದರು, ತೆಗೆದರು. "ಅರ್ಧ ಗೇಣು ಕೆಳಗಿರ್ಬೇಕಾಗಿತ್ತು. ಯಾವ ಮುಠ್ಠಾಳ ಕೂರ್ಸಿದ್ದು?" ಎಂದರು. ನನ್ನ ಕಡೆ ತಿರುಗಿ, "ಏನು ಮಗು?" ಎಂದರು.

"ಹೆಣ್ಣು."

"ಹೂಂ," ಎಂದು ನನ್ನ ಜೇಬಿನಿಂದ ನಸ್ಯದ ಡಬ್ಬಿ ಎತ್ತಿಕೊಳ್ಳಲು ನೋಡಿದರು. ಬೆರಳುಗಳು ಮಡಚಿಕೊಳ್ಳಲಿಲ್ಲ. ನಾನೇ ತೆಗೆದು ಅವರ ಮೂಗಿಗೆ ಹಿಡಿದೆ.

ಆಮೇಲೆ ಅವರಿಂದ ಗರಗಸ ಹಿಡಿಯಲಾಗಲಿಲ್ಲ. ಕಾನೂನಿನ ಪ್ರಕಾರ ಬಿಡುವ ಹಾಗೂ ಇರಲಿಲ್ಲ. ಯುದ್ಧ ಮುಗಿಯುವ ತನಕ ಬೋರಲು ಪೆಟ್ಟಿಗೆಯ ಮೇಲೆ ಕೂತು ಬಾಯಲ್ಲೇ ಕೆಲಸ ಮಾಡಿದರು. ತೋಳನ್ನು ಬಿಚ್ಚಿ ತಿದ್ದುವುದು, ಚಕ್ಕೆ ಕೊಡುವುದು, ಹಲಗೆ ಮಗುಚಿ ಬೆಳಕು ನೋಡುವುದು, ಎಲ್ಲಾ ನಾನು. ಬೈಯುವುದು ಅವರು. ಆ ಬೈಗುಳ ಕೇಳದ ದಿನ ನನಗೆ ಕೈ ಓಡುತ್ತಿರಲಿಲ್ಲ.

ಯುದ್ಧ ಮುಗಿಯಿತು. ಶೆಡ್ಡು ಬಿಚ್ಚಿದರು, ಗರಗಸವನ್ನು ಯಾರೋ ಲಾರಿಯಲ್ಲಿ ಸಾಗಿಸಿದರು. ಒಂದಷ್ಟು ಅಲೆದಾಡಿದ ಮೇಲೆ ಹೊಲ ವಾಪಸ್ಸು ಬಂತು. ಕಲ್ಲು, ಮೊಳೆ ಆಯ್ದು ಮತ್ತೆ ಉತ್ತೆ. ಅವರೆ ಬೆಳೆದ ವರ್ಷವೆಲ್ಲ ಸೊನೆ ಗಮಗುಡುವ ಹೊತ್ತಿಗೆ ಒಂದು ಚೀಲ ಹೊತ್ತು ಸೂಲಿಬೆಲೆಗೆ ಹೋಗುತ್ತಿದ್ದೆ. ಮೇಸ್ತ್ರಿ ಹೆಂಡತಿಗೆ, "ಬಂದ ನೋಡೆ, ನನ್ನ ದಡ್ಡ ಶಿಷ್ಯ" ಎನ್ನುತ್ತಿದ್ದರು. ಮುದ್ದೆ ಮುರಿಯಲು ಅವರ ಕೈಗೆ ಆಗುತ್ತಿರಲಿಲ್ಲ. ಹೆಂಡತಿಯೇ ತುತ್ತು ಮಾಡಿ ತಿನ್ನಿಸುತ್ತಿದ್ದರು. ಆ ದಿನದ ಮಾತು ನಾನು ಎತ್ತಿದರೆ ಸಾಕು, "ಸುಮ್ನಿರೋ, ಈ ಸಲ ಕಾಯಿಗೆ ಹುಳ ಬಿದ್ದೈತಲ್ಲ, ಬೂದಿ ಎರಚಿರ್ಲಿಲ್ವಾ?" ಅಂತ ಬಾಯಿ ಮುಚ್ಚಿಸುತ್ತಿದ್ದರು.

ಸ್ವಾತಂತ್ರ್ಯ ಬಂದ ಮೇಲಿನ ಎರಡನೆಯ ಚಳಿಗಾಲದಲ್ಲಿ ಜ್ವರದಲ್ಲಿ ಅವರು ತೀರಿಕೊಂಡರು. ಸುದ್ದಿ ನಮ್ಮೂರು ತಲುಪುವ ಹೊತ್ತಿಗೆ ಮಣ್ಣು ಆಗಿಹೋಗಿತ್ತು. ತಿಥಿಗೆ ಹೋದೆ. ಎಲೆ ಎತ್ತಿದ ಮೇಲೆ ಅವರ ಹೆಂಡತಿ ನನ್ನನ್ನು ಜಗಲಿಗೆ ಕರೆದು ಕೂರಿಸಿಕೊಂಡರು.

"ಒಂದು ಮಾತು ಕೇಳ್ತೀನಿ, ನೀನು ಜೊತೇಲಿದ್ದೋನು," ಎಂದರು. "ಅಷ್ಟು ವರ್ಷ ಮೆಷೀನು ಕಂಡ ಮನುಷ್ಯ, ಮೈಮರೆತು ಕಾದಿರೋ ಕಬ್ಬಿಣಕ್ಕೆ ಹೆಂಗಪ್ಪ ಕೈ ಇಟ್ಟ? ಕೇಳಿದಾಗಲೆಲ್ಲ, ನಿದ್ದೆಗಣ್ಣು ಕಣೆ, ಒರಗಿಕೊಂಡ್ಬಿಟ್ಟೆ ಅಂತಿದ್ದ. ಜೈಲಿಗೆ ಯಾಕೋದೆ ಅಂದ್ರೆ, ಮ್ಯಾನೇಜರನ್ನ ಬಾಯಿಗೆ ಬಂದಂಗೆ ಬೈದೆ ಅಂತಿದ್ದ. ಒಂದೊಂದು ತುತ್ತು ತಿನ್ನಿಸುವಾಗ್ಲೂ ಬೈದಿದ್ದೀನಿ ಕಣಪ್ಪ. ಹೊಣೆಗೇಡಿ ಅಂದಿದ್ದೀನಿ. ನಗ್ತಿದ್ದ."

ನಾನು ಹೇಳಿದೆ. ಹಸಿ ಹಲಗೆ, ಬೀಗ, ನನ್ನ ಬೆರಳು, ನನ್ನ ಭುಜದ ಮೇಲಿಂದ ಬಂದ ಅವರ ಕೈಗಳು, ಉಪ್ಸಾರು, ಹೊಟ್ಟಿನಮ್ಮ, ಒಂದೂ ಬಿಡದೆ ಹೇಳಿದೆ. ಅವರು ಅಳಲಿಲ್ಲ. ನನ್ನ ಎಡಗೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಆಮೇಲೆ ಎದ್ದು ಒಳಗೆ ಹೋಗಿ ಮಕ್ಕಳನ್ನು, ಸೊಸೆಯರನ್ನು, ಇನ್ನೂ ಹೊರಡದೆ ಉಳಿದಿದ್ದ ನೆಂಟರನ್ನು, ಅಕ್ಕಪಕ್ಕದವರನ್ನು ಕರೆತಂದು ಜಗಲಿಯ ತುಂಬ ಕೂರಿಸಿದರು. ತಾವು ಕಂಬಕ್ಕೆ ಒರಗಿ ಕೂತು, ಸೆರಗು ಸರಿಮಾಡಿಕೊಂಡು ನನ್ನನ್ನು ನೋಡಿದರು.

"ಇನ್ನೊಂದ್ಸಲ ಹೇಳಪ್ಪ," ಎಂದರು. "ಮೊದಲಿಂದ ಹೇಳು. ಎಲ್ರಿಗೂ ಕೇಳಂಗೆ ಹೇಳು."